8 ಥ್ರೆಡ್, ಒಂದೇ ಮ್ಯಾಪ್: ಡೂಪ್ಲಿಕೇಟ್ ಫೋಟೋ ಹುಡುಕೋ ಪ್ರೋಗ್ರಾಮ್ ರಿಪೇರಿ ಮಾಡಿದ 11 ದಿನದ ಲೆಕ್ಕ

ಮನೇಲಿದ್ದ ಮೂರು ಹಳೇ ಫೋನು, ಎರಡು ಲ್ಯಾಪ್‌ಟಾಪಿನ ಬ್ಯಾಕಪ್ ಎಲ್ಲಾ ಒಂದೇ ಡಿಸ್ಕಿಗೆ ತುಂಬಿದ್ದೆ. ಒಟ್ಟು 38,642 ಫೈಲು, ಅದ್ರಲ್ಲಿ ಒಂದೇ ಫೋಟೋ ನಾಲ್ಕೈದು ಕಡೆ ಬಿದ್ದಿರೋದು ಬೇಕಾದಷ್ಟು. ಅದಕ್ಕೇ ಜಾವಾದಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರ್ದೆ. ಫೈಲ್ ಓದೋದು, ಶಾ-256 ಹ್ಯಾಶ್ (ಫೈಲಿನ ಒಳಗಿರೋದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ತೆಗೆಯೋದು, ಆ ಹ್ಯಾಶನ್ನೇ ಕೀ ಮಾಡಿ ಹ್ಯಾಶ್‌ಮ್ಯಾಪ್‌ನಲ್ಲಿ ಫೈಲ್ ಪಾತ್‌ಗಳ ಲಿಸ್ಟ್ ಇಡೋದು, ಅಷ್ಟೇ. (ಹ್ಯಾಶ್‌ಮ್ಯಾಪ್ ಅಂದ್ರೆ ಕೀ ಕೊಟ್ರೆ ಅದಕ್ಕೆ ಜೋಡಿಸಿಟ್ಟಿದ್ದನ್ನ ಕೊಡೋ ಪಟ್ಟಿ, ಪಾತ್ ಅಂದ್ರೆ ಫೈಲ್ ಎಲ್ಲಿದೆ ಅನ್ನೋ ವಿಳಾಸ.) ಕೊನೇಲಿ ಯಾವ ಲಿಸ್ಟಲ್ಲಿ ಒಂದಕ್ಕಿಂತ ಜಾಸ್ತಿ ಪಾತ್ ಇದ್ಯೋ ಅದು ಡೂಪ್ಲಿಕೇಟ್ ಗುಂಪು.

ಒಂದೇ ಥ್ರೆಡ್ಡಲ್ಲಿ (ಥ್ರೆಡ್ ಅಂದ್ರೆ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ಓಡೋ ಒಂದು ಕೆಲಸದ ಸಾಲು) ಓಡಿಸ್ದಾಗ 21 ನಿಮಿಷ ತಗೊಳ್ತು, ಉತ್ತರ ಸರಿ ಇತ್ತು. ಅಲ್ಲಿಗೇ ಬಿಟ್ಟಿದ್ರೆ ಕೆಲಸ ಅವತ್ತೇ ಮುಗೀತಿತ್ತು. ಆದ್ರೆ ಸಿಪಿಯು ಮುಕ್ಕಾಲು ಭಾಗ ಸುಮ್ನೆ ಕೂತಿರೋದು ನೋಡಿ ಇದನ್ನ ಎಂಟು ಥ್ರೆಡ್ಡಿಗೆ ಹಂಚೋಣ ಅಂತ ಹೊರಟೆ, ಅಲ್ಲಿಂದ ಹನ್ನೊಂದು ದಿನ ಹೋಯ್ತು. ಏನೇನು ತಪ್ಪು ಮಾಡ್ದೆ, ಯಾವ ಕ್ರಮದಲ್ಲಿ ಮಾಡ್ದೆ ಅನ್ನೋದನ್ನ ಮರೆಯೋ ಮುಂಚೆ ಬರೆದಿಡ್ತಾ ಇದೀನಿ.

ಬಳಸಿದ್ದು: ಜಾವಾ 17, ನಾಲ್ಕು ಕೋರಿನ ಲ್ಯಾಪ್‌ಟಾಪು, ಜೆಸ್ಟ್ಯಾಕ್ (ಒಂದೊಂದು ಥ್ರೆಡ್ ಈಗ ಏನು ಮಾಡ್ತಿದೆ ಅಂತ ತೋರ್ಸೋ ಟೂಲ್), ಮತ್ತೆ ಎರಡು ಫೈಲ್ ಹೋಲಿಸೋಕೆ ಡಿಫ್. ಬೇರೇನೂ ಇಲ್ಲ.

ದಿನ 1: ಎಂಟು ಥ್ರೆಡ್ ಹಾಕಿದ್ದು

ಜಾವಾದ ಎಕ್ಸಿಕ್ಯೂಟರ್ ಸರ್ವೀಸ್ (ಥ್ರೆಡ್ಡಿಗೆ ಕೆಲಸ ಹಂಚೋದು) ತಗೊಂಡು ಎಂಟು ಥ್ರೆಡ್ಡಿನ ಪೂಲ್ ಮಾಡ್ದೆ, ಒಂದೊಂದು ಫೈಲೂ ಒಂದೊಂದು ಟಾಸ್ಕ್. ಮ್ಯಾಪ್ ಅದೇ ಹಳೇ ಹ್ಯಾಶ್‌ಮ್ಯಾಪ್, ಎಷ್ಟು ಫೈಲ್ ಮುಗೀತು ಅಂತ ಎಣಿಸೋಕೆ ಒಂದು ಮಾಮೂಲಿ ಇಂಟ್ (ಪೂರ್ಣಾಂಕ). ಪಕ್ಕದಲ್ಲಿ ಎರಡು ಸೆಕೆಂಡಿಗೊಮ್ಮೆ ಪ್ರಗತಿ ಪ್ರಿಂಟ್ ಮಾಡೋ ಇನ್ನೊಂದು ಥ್ರೆಡ್.

ಆರು ನಿಮಿಷದೊಳಗೆ ಮುಗೀತು, ತುಂಬಾ ಖುಷಿ ಆಯ್ತು. ಆಮೇಲೆ ಎಣಿಕೆ ನೋಡಿದ್ರೆ 38,590. ಮತ್ತೆ ಓಡಿಸ್ದೆ, 38,611. ಮೂರನೇ ಸಲ 38,577. ಡಿಸ್ಕಲ್ಲಿ ಒಂದು ಫೈಲೂ ಬದಲಾಗಿಲ್ಲ, ಉತ್ತರ ಮಾತ್ರ ಪ್ರತಿ ಸಲ ಬೇರೆ.

ಇನ್ನೊಂದು ವಿಷಯ, ನಾಲ್ಕನೇ ಸಲ ಪ್ರಗತಿ ತೋರ್ಸೋ ಸಾಲು ಅರ್ಧಕ್ಕೇ ನಿಂತೋಯ್ತು. ಪ್ರೋಗ್ರಾಮ್ ಹ್ಯಾಂಗ್ ಆಗಿದೆ ಅನ್ಕೊಂಡು ನಾನೇ ಕೊಂದುಬಿಟ್ಟೆ. ಹ್ಯಾಂಗ್ ಆಗಿರ್ಲಿಲ್ಲ. ಪ್ರಗತಿ ತೋರ್ಸೋ ಥ್ರೆಡ್ ಮ್ಯಾಪನ್ನ ಒಂದು ತುದಿಯಿಂದ ಓದ್ತಾ ಇರೋವಾಗ ಇನ್ನೊಂದು ಥ್ರೆಡ್ ಅದಕ್ಕೆ ಹೊಸ ಕೀ ಸೇರ್ಸಿತ್ತು, ಕಾನ್ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ (ಓದ್ತಿರೋವಾಗಲೇ ಮ್ಯಾಪ್ ಬದಲಾಯ್ತು ಅನ್ನೋ ಎರರ್) ಬಂದಿತ್ತು. ಪ್ರಗತಿ ಸಾಲನ್ನ ಎರಡು ಸೆಕೆಂಡಿಗೊಮ್ಮೆ ಕರೀತಿದ್ದ ಶೆಡ್ಯೂಲ್ಡ್ ಎಕ್ಸಿಕ್ಯೂಟರ್‌ಗೆ ಕೊಟ್ಟ ಟಾಸ್ಕಿಂದ ಎಕ್ಸೆಪ್ಶನ್ ಹೊರಗೆ ಬಂದ್ರೆ ಅದು ಆ ಟಾಸ್ಕನ್ನ ಮತ್ತೆ ಕರೆಯೋದೇ ಇಲ್ಲ, ಸ್ಕ್ರೀನ್ ಮೇಲೆ ಒಂದಕ್ಷರ ತೋರ್ಸೋದೂ ಇಲ್ಲ. ಇದು ಗೊತ್ತಾಗೋಕೇ ಒಂದು ಸಂಜೆ ಹೋಯ್ತು.

ದಿನ 2: ಎಕ್ಸೆಪ್ಶನ್ ನುಂಗಿದ್ದು (ತಪ್ಪು)

ಎಕ್ಸೆಪ್ಶನ್ ಬರ್ತಿದ್ಯಲ್ಲಾ, ಹಿಡಿದು ಸುಮ್ನಾಗಿಸಿ ಮತ್ತೊಂದ್ಸಲ ಓದೋಣ ಅಂತ ಟ್ರೈ-ಕ್ಯಾಚ್ ಹಾಕ್ದೆ. ಸಾಲು ನಿಲ್ಲೋದು ನಿಂತ್ಹೋಯ್ತು. ಎಣಿಕೆ ತಪ್ಪಾಗೋದು ಹಾಗೇ ಉಳೀತು. ಈ ಎಕ್ಸೆಪ್ಶನ್ ಇರೋದೇ ತಪ್ಪನ್ನ ಎತ್ತಿ ತೋರ್ಸೋಕೆ, ಅದೂ ಸಿಕ್ಕಾಗ ಮಾತ್ರ ತೋರ್ಸತ್ತೆ, ಪ್ರತಿ ಸಲ ಹಿಡಿದೇ ಹಿಡಿಯತ್ತೆ ಅಂತ ಗ್ಯಾರಂಟಿ ಇಲ್ಲ. ನನಗಿದ್ದ ಒಂದೇ ಒಂದು ಎಚ್ಚರಿಕೆಯನ್ನ ನಾನೇ ಬಾಯಿ ಮುಚ್ಚಿಸಿದ್ದೆ. ಆ ಟ್ರೈ-ಕ್ಯಾಚ್ ತೆಗೆದು ಹಾಕ್ದೆ.

ದಿನ 3: ವೊಲಟೈಲ್, ಆಮೇಲೆ ಅಟಾಮಿಕ್

ಎಣಿಕೆಯ ಇಂಟ್‌ಗೆ ವೊಲಟೈಲ್ ಅಂತ ಸೇರ್ಸಿದೆ. 38,602. ಏನೂ ಪ್ರಯೋಜನ ಆಗ್ಲಿಲ್ಲ. ವೊಲಟೈಲ್ ಹಾಕಿದ್ರೆ ಒಂದು ಥ್ರೆಡ್ ಬರ್ದಿದ್ದು ಇನ್ನೊಂದಕ್ಕೆ ಕಾಣತ್ತೆ, ಅಷ್ಟೇ. ಎಣಿಕೆಗೆ ಒಂದು ಕೂಡ್ಸೋದು ನೋಡೋಕೆ ಒಂದೇ ಸಾಲು, ಆದ್ರೆ ಒಳಗೆ ಓದು, ಕೂಡ್ಸು, ಬರೆ ಅಂತ ಮೂರು ಕೆಲಸ. ಎರಡು ಥ್ರೆಡ್ಡು ಇಬ್ರೂ 500 ಅಂತ ಓದಿ ಇಬ್ರೂ 501 ಅಂತ ಬರೆದ್ರೆ ಒಂದು ಫೈಲು ಲೆಕ್ಕದಿಂದ ಹೋಯ್ತು.

ಅಟಾಮಿಕ್ ಇಂಟೀಜರ್ (ಆ ಮೂರೂ ಕೆಲಸನ ಮಧ್ಯೆ ಯಾರೂ ನುಗ್ಗದ ಹಾಗೆ ಒಂದೇ ಸಲ ಮಾಡೋದು) ಹಾಕಿದ ತಕ್ಷಣ 38,642 ಬಂತು. ಐದು ಸಲ ಓಡಿಸ್ದೆ, ಐದು ಸಲಾನೂ 38,642.

ಆಗ ಮಾಡಿದ ತಪ್ಪು ಏನು ಅಂದ್ರೆ, ಎಣಿಕೆ ಸರಿ ಬಂತು ಅಂದ್ಮೇಲೆ ಎಲ್ಲಾ ಸರಿ ಆಯ್ತು ಅಂತ ಎರಡು ದಿನ ಈ ಕಡೆ ತಿರುಗಿ ನೋಡ್ಲಿಲ್ಲ. ಮ್ಯಾಪ್ ಒಳಗಿನ ಎಲ್ಲಾ ಲಿಸ್ಟಿನ ಉದ್ದ ಕೂಡ್ಸಿ ನೋಡಿದ್ದು 5ನೇ ದಿನ. 38,509. ಎಣಿಸೋ ಅಂಕಿ ಸರಿ ಇದೆ, ಎಣಿಸಿದ ವಸ್ತುಗಳೇ ಕಾಣೆ.

ದಿನ 5: ಸಿಂಕ್ರೊನೈಸ್ಡ್ ಮ್ಯಾಪ್

ಹ್ಯಾಶ್‌ಮ್ಯಾಪ್ ಸುತ್ತ ಕಲೆಕ್ಷನ್ಸ್‌ನ ಸಿಂಕ್ರೊನೈಸ್ಡ್ ಮ್ಯಾಪ್ ಸುತ್ತಿದೆ. ಅದು ಮ್ಯಾಪಿನ ಒಂದೊಂದು ಕಾಲ್‌ಗೂ ಲಾಕ್ ಹಾಕತ್ತೆ, ಅಂದ್ರೆ ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಹೋಗೋ ಹಾಗೆ ಬೀಗ. ಒಂದು ಸಾಲಿನ ಬದಲಾವಣೆ. ಕಾಣೆಯಾಗೋದು ಕಮ್ಮಿ ಆಯ್ತು, ಆದ್ರೆ ನಿಲ್ಲಲಿಲ್ಲ: 38,630, 38,633, ಹೀಗೆ.

ಇಲ್ಲಿ ಕೂತು ಯೋಚನೆ ಮಾಡ್ದೆ, ಇಡೀ ರಿಪೇರಿಲಿ ನನಗೆ ಜಾಸ್ತಿ ಕಲಿಸಿದ್ದು ಇದೇ ಹಂತ. ನನ್ನ ಕೋಡ್ ಹೀಗಿತ್ತು: ಈ ಹ್ಯಾಶ್‌ಗೆ ಲಿಸ್ಟ್ ಇದ್ಯಾ ಅಂತ ಗೆಟ್ ಮಾಡು, ಇಲ್ದಿದ್ರೆ ಹೊಸ ಲಿಸ್ಟ್ ಮಾಡಿ ಪುಟ್ ಮಾಡು, ಆಮೇಲೆ ಲಿಸ್ಟಿಗೆ ಪಾತ್ ಸೇರ್ಸು. ಗೆಟ್‌ಗೆ ಲಾಕ್ ಇದೆ, ಪುಟ್‌ಗೆ ಲಾಕ್ ಇದೆ. ಎರಡರ ಮಧ್ಯೆ ಇಲ್ಲ. ಒಂದು ಥ್ರೆಡ್ ಕೇಳ್ತು, ಲಿಸ್ಟ್ ಇಲ್ಲ. ಅಷ್ಟ್ರಲ್ಲಿ ಇನ್ನೊಂದು ಥ್ರೆಡ್ಡೂ ಕೇಳ್ತು, ಅದಕ್ಕೂ ಇಲ್ಲ. ಇಬ್ರೂ ಒಂದೊಂದು ಹೊಸ ಲಿಸ್ಟ್ ಮಾಡಿ ಪುಟ್ ಮಾಡಿದ್ರು, ಎರಡನೇದು ಮೊದಲ್ನೇದರ ಮೇಲೆ ಕೂತ್ಕೊಂಡ್ತು, ಮೊದಲ್ನೇ ಪಾತ್ ಹೋಯ್ತು. ಇದು ಸಾಲದು ಅಂತ ಒಳಗಿನ ಲಿಸ್ಟು ಮಾಮೂಲಿ ಅರೇಲಿಸ್ಟ್, ಅದಕ್ಕೆ ಯಾವ ಲಾಕೂ ಇಲ್ಲ, ಇಬ್ರು ಒಟ್ಟಿಗೆ ಆಡ್ ಮಾಡಿದ್ರೆ ಒಂದೇ ಜಾಗದಲ್ಲಿ ಇಬ್ರೂ ಬರೀಬಹುದು.

ಎದೆ ಧಸಕ್ ಅಂದಿದ್ದು ಇದಾದ್ಮೇಲೆ. ಒಂದೇ ಫೋಟೋದ ಕಾಪಿಗಳು ಎಷ್ಟೋ ಸಲ ಒಂದೇ ಫೋಲ್ಡರ್‌ನಲ್ಲಿ ಅಕ್ಕಪಕ್ಕ ಇರ್ತವೆ. ಅಕ್ಕಪಕ್ಕ ಇರೋ ಫೈಲು ಒಟ್ಟೊಟ್ಟಿಗೇ ಎರಡು ಥ್ರೆಡ್ಡಿಗೆ ಹೋಗ್ತವೆ. ಸೈಜ್ ಕೂಡ ಒಂದೇ ಆಗಿರೋದ್ರಿಂದ ಹ್ಯಾಶ್ ಲೆಕ್ಕ ಮುಗಿಯೋದೂ ಹೆಚ್ಚುಕಮ್ಮಿ ಒಂದೇ ಕ್ಷಣಕ್ಕೆ. ಅಂದ್ರೆ ನಾನು ಯಾವುದನ್ನ ಹುಡುಕ್ತಾ ಇದ್ನೋ ಸರಿಯಾಗಿ ಆ ಡೂಪ್ಲಿಕೇಟ್‌ಗಳೇ ಈ ಸಂದಿಗೆ ಬೀಳ್ತಿದ್ವು. 38 ಸಾವಿರದಲ್ಲಿ 12 ಹೋದ್ರೆ ಏನು ಮಹಾ ಅಂತ ಅನ್ಸತ್ತೆ, ಆದ್ರೆ ಆ 12 ಎಲ್ಲಿಂದಲೋ ಬಿದ್ದ 12 ಅಲ್ಲ.

ಅವತ್ತು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದು: ಲಾಕ್ ಹಾಕ್ಬೇಕಾಗಿರೋದು ಒಂದೊಂದು ಕಾಲ್‌ಗಲ್ಲ, ಮಧ್ಯೆ ಯಾರೂ ಬರಬಾರದ ಇಡೀ ಕೆಲಸಕ್ಕೆ. ಇದ್ಯಾ ನೋಡು, ಇಲ್ದಿದ್ರೆ ಮಾಡು, ಸೇರ್ಸು, ಮೂರೂ ಒಂದೇ ಉಸಿರಲ್ಲಿ.

(ಹಳೇ ಜಾವಾ ಇನ್ನೂ ಓಡಿಸ್ತಿರೋರಿಗೆ ಒಂದು ಮಾತು: ಜಾವಾ 7ರವರೆಗೆ ಎರಡು ಥ್ರೆಡ್ ಒಟ್ಟಿಗೆ ಹ್ಯಾಶ್‌ಮ್ಯಾಪ್ ದೊಡ್ಡದು ಮಾಡೋಕೆ ಹೋದ್ರೆ ಒಳಗಿನ ಕೊಂಡಿ ಸುತ್ತಿಕೊಂಡು ಗೆಟ್ ಅನ್ನೋದು ಮುಗಿಯದ ಲೂಪ್ ಆಗಿ ಸಿಪಿಯು 100ಕ್ಕೆ ಹೋಗಿ ನಿಲ್ಲೋದಿತ್ತು. 8ರಲ್ಲಿ ಆ ಭಾಗ ಬೇರೆ ಥರ ಬರೆದ್ರು, ಆದ್ರೆ ಡೇಟಾ ಕಳ್ಕೊಳ್ಳೋದು ಈಗ್ಲೂ ಹಾಗೇ ಇದೆ.)

ದಿನ 6: ಎಂಟು ಬೀಗ, ಒಂದೇ ಬಾಗಿಲು (ತಪ್ಪು)

ಸರಿ, ಮೂರೂ ಕೆಲಸನ ಒಂದು ಮೆಥಡ್‌ಗೆ ಹಾಕಿ ಅದರ ತಲೆ ಮೇಲೆ ಸಿಂಕ್ರೊನೈಸ್ಡ್ ಅಂತ ಬರ್ದೆ. ಓಡಿಸ್ದೆ. 38,521. ಮುಂಚೆಗಿಂತ ಹಾಳು.

ಎರಡು ಗಂಟೆ ಅದೇ ಕೋಡನ್ನ ದಿಟ್ಟಿಸಿದೀನಿ. ಮೆಥಡ್ ಇದ್ದಿದ್ದು ವರ್ಕರ್ ಕ್ಲಾಸಲ್ಲಿ, ಪ್ರತಿ ಟಾಸ್ಕಿಗೂ ಒಂದು ಹೊಸ ವರ್ಕರ್ ಆಬ್ಜೆಕ್ಟ್. ಮೆಥಡ್ ಮೇಲೆ ಸಿಂಕ್ರೊನೈಸ್ಡ್ ಅಂದ್ರೆ ಆ ಆಬ್ಜೆಕ್ಟಿನ ಲಾಕ್. ಎಂಟು ಜನ ಎಂಟು ಬೇರೆ ಬೇರೆ ಬೀಗ ತೆಗೆದು ಒಂದೇ ಕೋಣೆಗೆ ನುಗ್ತಿದ್ರು. ಸಿಂಕ್ರೊನೈಸ್ಡ್ ಮ್ಯಾಪ್ ಬೇರೆ ಇನ್ನೇನು ಬೇಡ ಅಂತ ತೆಗೆದುಬಿಟ್ಟಿದ್ದೆ, ಅದಕ್ಕೇ ಅಂಕಿ ಇನ್ನೂ ಕೆಳಗಿಳೀತು.

ರಿಪೇರಿ: ಇಂಡೆಕ್ಸ್ ಅಂತ ಒಂದು ಹೊಸ ಕ್ಲಾಸ್. ಮ್ಯಾಪ್ ಅದರೊಳಗೆ ಪ್ರೈವೇಟ್, ಲಾಕ್ ಆಬ್ಜೆಕ್ಟೂ ಅದರೊಳಗೇ, ಪ್ರೈವೇಟ್ ಫೈನಲ್. ಹೊರಗಿನಿಂದ ಮಾಡೋಕಾಗೋದು ಸೇರ್ಸು, ಎಷ್ಟಿದೆ ಹೇಳು, ನಕಲು ಕೊಡು, ಇಷ್ಟೇ. ಮ್ಯಾಪನ್ನ ಪ್ರೈವೇಟ್ ಮಾಡಿದ ತಕ್ಷಣ ಕಂಪೈಲರ್ 11 ಕಡೆ ಎರರ್ ಕೊಡ್ತು. ನನ್ನ ಲೆಕ್ಕದಲ್ಲಿ ಮ್ಯಾಪ್ ಮುಟ್ಟೋ ಜಾಗ ನಾಲ್ಕೇ ನಾಲ್ಕು ಇದ್ವು. ಉಳಿದ ಏಳು ಎಲ್ಲಿದ್ವು ಅಂತ ಕಣ್ಣಲ್ಲಿ ಹುಡುಕಿದ್ರೆ ಖಂಡಿತ ಒಂದೆರಡು ತಪ್ಪಿಸ್ಕೊಳ್ತಿದ್ವು. ಈ ಒಂದು ಕೆಲಸನ ಮೊದಲ್ನೇ ದಿನಾನೇ ಮಾಡ್ಬೇಕಿತ್ತು ಅಂತ ಈಗ್ಲೂ ಬೇಜಾರಿದೆ.

ಫಲಿತಾಂಶ: ಲಿಸ್ಟ್‌ಗಳ ಮೊತ್ತ 38,642.

ಆದ್ರೆ ಪ್ರಗತಿ ಥ್ರೆಡ್ ಮತ್ತೆ ಸತ್ತಿತು, ಅದೇ ಎಕ್ಸೆಪ್ಶನ್. ನಕಲು ಕೊಡು ಅಂತ ಹೆಸರಿಟ್ಟಿದ್ದ ಮೆಥಡ್ ಲಾಕ್ ಹಿಡಿದು ಒರಿಜಿನಲ್ ಮ್ಯಾಪನ್ನೇ ವಾಪಸ್ ಕೊಡ್ತಿತ್ತು, ಕೊಟ್ಟ ಕ್ಷಣಕ್ಕೆ ಲಾಕ್ ಬಿಡುಗಡೆ, ಆಮೇಲೆ ಆ ಕಡೆಯವ್ರು ಲಾಕ್ ಇಲ್ಲದೇ ಲೂಪ್ ಓಡಿಸ್ತಿದ್ರು. ಹೊಸ ಮ್ಯಾಪ್ ಮಾಡಿ, ಒಳಗಿನ ಲಿಸ್ಟ್‌ಗಳನ್ನೂ ಒಂದೊಂದಾಗಿ ಕಾಪಿ ಮಾಡಿ ಕೊಟ್ಟೆ. ಮೇಲಿನ ಮ್ಯಾಪ್ ಮಾತ್ರ ಕಾಪಿ ಮಾಡಿದ್ರೆ ಸಾಲಲ್ಲ, ಲಿಸ್ಟು ಅವೇ ಹಳೇವೇ ಇರ್ತವೆ.

ದಿನ 7: ಮತ್ತೆ ನಿಧಾನ

ಉತ್ತರ ಸರಿ, ಆದ್ರೆ ಸಮಯ 22 ನಿಮಿಷ, ಒಂದು ಥ್ರೆಡ್ಡಿಗಿಂತ ನಿಧಾನ. ಜೆಸ್ಟ್ಯಾಕ್ ಹೊಡೆದು ನೋಡಿದ್ರೆ ಎಂಟರಲ್ಲಿ ಏಳು ಥ್ರೆಡ್ ಬ್ಲಾಕ್ಡ್, ಎಲ್ಲಾ ಒಂದೇ ಲಾಕಿಗೆ ಕಾಯ್ತಾ ಕೂತಿದಾವೆ. ಸೇರ್ಸೋ ಮೆಥಡ್ಡಿಗೆ ಪಾತ್ ಕೊಡ್ತಿದ್ದೆ, ಅದು ಲಾಕ್ ಹಿಡ್ಕೊಂಡು ಒಳಗೆ ಫೈಲ್ ಓದಿ ಹ್ಯಾಶ್ ಮಾಡ್ತಿತ್ತು. ಹ್ಯಾಶ್ ಮಾಡೋದನ್ನ ಹೊರಗೆ ತಂದು, ಮೆಥಡ್ಡಿಗೆ ಹ್ಯಾಶ್ ಮತ್ತೆ ಪಾತ್ ಎರಡೂ ಕೊಟ್ಟೆ. 5 ನಿಮಿಷ 50 ಸೆಕೆಂಡ್. ಇದಕ್ಕಿಂತ ಹೇಳೋದೇನಿಲ್ಲ.

ದಿನ 8: ಡೆಡ್‌ಲಾಕ್

ಎಷ್ಟು ಜಿಬಿ ಓದಾಯ್ತು, ಎಷ್ಟು ಫೈಲ್ ಓದೋಕಾಗ್ಲಿಲ್ಲ ಅಂತ ಅಂಕಿಅಂಶ ಇಡೋಕೆ ಇನ್ನೊಂದು ಕ್ಲಾಸ್ ಮಾಡಿ ಅದಕ್ಕೆ ಅದರದ್ದೇ ಲಾಕ್ ಕೊಟ್ಟೆ. ನಾಲ್ಕು ಸಲ ಚೆನ್ನಾಗಿ ಓಡ್ತು. ಐದನೇ ಸಲ ರಾತ್ರಿ ಓಡೋಕೆ ಬಿಟ್ಟು ಮಲಗಿದೆ, ಬೆಳಿಗ್ಗೆ ನೋಡಿದ್ರೆ 61 ಪರ್ಸೆಂಟಲ್ಲಿ ನಿಂತಿದೆ, ಸಿಪಿಯು ಸೊನ್ನೆ.

ಈ ಸಲ ಕೊಲ್ಲಲಿಲ್ಲ, ಮೊದಲು ಜೆಸ್ಟ್ಯಾಕ್ ತೆಗೆದೆ. ಕೊನೇಲಿ ‘ಫೌಂಡ್ ಒನ್ ಜಾವಾ-ಲೆವೆಲ್ ಡೆಡ್‌ಲಾಕ್’ ಅಂತ ಅದೇ ಬರೆದುಕೊಟ್ಟಿತ್ತು, ಯಾವ ಥ್ರೆಡ್ ಯಾವ ಸಾಲಲ್ಲಿ ಯಾವ ಲಾಕ್ ಹಿಡ್ಕೊಂಡು ಯಾವುದಕ್ಕೆ ಕಾಯ್ತಿದೆ ಅಂತ ಸಮೇತ. ವರ್ಕರ್ ಇಂಡೆಕ್ಸ್ ಲಾಕ್ ಹಿಡಿದು ಒಳಗಿಂದ ಅಂಕಿಅಂಶದ ಲಾಕ್ ಕೇಳ್ತಿದೆ. ಪ್ರಗತಿ ಥ್ರೆಡ್ ಅಂಕಿಅಂಶದ ಲಾಕ್ ಹಿಡಿದು ಒಳಗಿಂದ ಇಂಡೆಕ್ಸ್‌ನ ಎಷ್ಟಿದೆ ಅಂತ ಕೇಳ್ತಿದೆ. ನೀನು ಬಿಡು ಅಂತ ಇದು, ನೀನು ಬಿಡು ಅಂತ ಅದು, ಬೆಳಗಾಗೋವರೆಗೆ ಹಾಗೇ.

ಸರಿ ಮಾಡೋಕೆ ಎರಡು ದಾರಿ ಇದ್ವು. ಎಲ್ಲರೂ ಯಾವಾಗ್ಲೂ ಒಂದೇ ಕ್ರಮದಲ್ಲಿ, ಮೊದಲು ಇಂಡೆಕ್ಸ್ ಆಮೇಲೆ ಅಂಕಿಅಂಶ, ಹೀಗೇ ಲಾಕ್ ತಗೋಬೇಕು ಅಂತ ನಿಯಮ ಮಾಡೋದು ಒಂದು. ಆದ್ರೆ ಆ ನಿಯಮ ನನ್ನ ತಲೇಲಿ ಮಾತ್ರ ಇರತ್ತೆ, ಆರು ತಿಂಗಳಾದ್ಮೇಲೆ ನಾನೇ ಮರೀತೀನಿ. ಅದಕ್ಕೆ ಎರಡನೇ ಲಾಕನ್ನೇ ತೆಗೆದು ಅಂಕಿಅಂಶನೂ ಇಂಡೆಕ್ಸ್ ಕ್ಲಾಸೊಳಗೆ ಅದೇ ಲಾಕಿನ ಕೆಳಗೆ ತಂದೆ. ಹಾಗೆ ಮಾಡಿದ್ಮೇಲೆ ಅಟಾಮಿಕ್ ಇಂಟೀಜರ್ ಕೂಡ ಬೇಕಾಗ್ಲಿಲ್ಲ, ಮಾಮೂಲಿ ಇಂಟ್ ಸಾಕಾಯ್ತು. ಇನ್ನೊಂದು ಲಾಭ, ಎಣಿಕೆ ಮತ್ತೆ ಲಿಸ್ಟು ಎರಡೂ ಒಟ್ಟಿಗೇ ಬದಲಾಗ್ತವೆ, ಪ್ರಗತಿ ಸಾಲಲ್ಲಿ ಒಂದಕ್ಕೊಂದು ತಾಳೆ ಆಗದ ಅಂಕಿ ಬರೋದೂ ನಿಂತಿತು.

ದಿನ 9: ಅಳಿಸೋಕೆ ಮುಂಚೆ ಕಂಡಿದ್ದು

ಇದನ್ನ ಬರೆಯೋವಾಗ ಈಗ್ಲೂ ಕೈ ಸ್ವಲ್ಪ ತಡೆಯತ್ತೆ.

ಮೊತ್ತ ಸರಿ, ಸಮಯ ಸರಿ, ಹ್ಯಾಂಗ್ ಇಲ್ಲ. ಇನ್ನು ಡೂಪ್ಲಿಕೇಟ್ ಅಳಿಸೋಣ ಅಂತ ಪಟ್ಟಿ ತೆಗೆದೆ. ಮೇಲಿಂದ ಕೆಳಗೆ ಸುಮ್ನೆ ಕಣ್ಣಾಡಿಸ್ತಾ ಇದ್ದಾಗ ಒಂದು ಗುಂಪಲ್ಲಿ ಒಂಬತ್ತು ಫೈಲು. ಸೈಜ್ ಒಂಬತ್ತೂ ಬೇರೆ ಬೇರೆ. ತೆರೆದು ನೋಡ್ದೆ, ಒಂದು ಅಜ್ಜಿಯ ಹಳೇ ಪಾಸ್‌ಪೋರ್ಟ್ ಸೈಜ್ ಫೋಟೋದ ಸ್ಕ್ಯಾನು, ಒಂದು ಯಾವುದೋ ರಸೀದಿ, ಒಂದು ಮಗು ಬರೆದ ಚಿತ್ರ, ಉಳಿದವು ಚಿಕ್ಕ ಚಿಕ್ಕ ಐಕಾನು. ಇವೆಲ್ಲಾ ಒಂದೇ ಅಂತ ಪ್ರೋಗ್ರಾಮ್ ಹೇಳ್ತಿತ್ತು. ಅಳಿಸು ಅಂದಿದ್ರೆ ಮೊದಲ್ನೇದು ಬಿಟ್ಟು ಎಂಟು ಹೋಗ್ತಿದ್ವು. ಅಜ್ಜಿಯ ಆ ಸ್ಕ್ಯಾನಿಗೆ ಬೇರೆ ಕಾಪಿ ಇಲ್ಲ.

ಹ್ಯಾಶ್ ನೋಡಿದೆ, ಇ3ಬಿ0ಸಿ442 ಅಂತ ಶುರು ಆಗತ್ತೆ. ಇದು ಶಾ-256ಗೆ ಏನೂ ಕೊಡದೇ, ಸೊನ್ನೆ ಬೈಟಿಗೆ ಬರೋ ಹ್ಯಾಶ್. ಆದ್ರೆ ಈ ಫೈಲ್ ಯಾವುದೂ ಖಾಲಿ ಇಲ್ಲ.

ಕಾರಣ ಹಿಂದಿನ ದಿನ ಮಾಡಿದ್ದ ಒಂದು ‘ಸುಧಾರಣೆ’. 64 ಕೆಬಿಗಿಂತ ಚಿಕ್ಕ ಫೈಲಿಗೆ ಪ್ರತಿ ಸಲ ಹೊಸ ಮೆಸೇಜ್ ಡೈಜೆಸ್ಟ್ (ಹ್ಯಾಶ್ ಲೆಕ್ಕ ಹಾಕೋ) ಆಬ್ಜೆಕ್ಟ್ ಯಾಕೆ ಅಂತ ಒಂದೇ ಒಂದು ಸ್ಟ್ಯಾಟಿಕ್ ಡೈಜೆಸ್ಟ್ ಇಟ್ಟು ಎಲ್ಲಾ ಥ್ರೆಡ್ಡೂ ಅದನ್ನೇ ಬಳಸೋ ಹಾಗೆ ಮಾಡಿದ್ದೆ. ಡೈಜೆಸ್ಟ್ ಅಂತ ಒಂದೇ ಕಾಲ್ ಇದ್ರೂ ಒಳಗೆ ಅದು ಎರಡು ಹೆಜ್ಜೆ: ಬೈಟು ತುಂಬು, ಆಮೇಲೆ ಲೆಕ್ಕ ಮುಗಿಸಿ ಖಾಲಿ ಮಾಡು. ಒಂದು ಥ್ರೆಡ್ ತುಂಬ್ತು, ಇನ್ನೊಂದೂ ತುಂಬ್ತು, ಮೊದಲ್ನೇದು ಇಬ್ಬರದ್ದೂ ಸೇರಿಸಿ ಲೆಕ್ಕ ಮುಗಿಸಿ ಖಾಲಿ ಮಾಡ್ತು, ಎರಡನೇದಕ್ಕೆ ಸಿಕ್ಕಿದ್ದು ಖಾಲಿ ಪಾತ್ರೆಯ ಹ್ಯಾಶ್. ಹೀಗೆ ಖಾಲಿ ಸಿಕ್ಕವರೆಲ್ಲಾ ಒಂದೇ ಗುಂಪಾದ್ರು. ಮೊದಲ್ನೇದರ ಹ್ಯಾಶೂ ತಪ್ಪೇ, ಅದು ಯಾರ ಜೊತೆಗೂ ಸೇರದೇ ಒಂಟಿಯಾಗಿ ಉಳೀತು ಅಷ್ಟೇ.

ಮ್ಯಾಪ್ ಸುತ್ತ ಎಷ್ಟು ಗಟ್ಟಿ ಲಾಕ್ ಇದ್ರೂ ಇದಕ್ಕೆ ಸಂಬಂಧ ಇಲ್ಲ. ಶೇರ್ ಆಗಿರೋ ಡೇಟಾ ಅಂದ್ರೆ ಮ್ಯಾಪು, ಕೌಂಟರು ಅಂತ ಮಾತ್ರ ನನ್ನ ಕಣ್ಣಿಗೆ ಕಾಣ್ತಿತ್ತು. ಒಳಗೆ ಸ್ಥಿತಿ ಇಟ್ಕೊಳ್ಳೋ ಯಾವ ಆಬ್ಜೆಕ್ಟನ್ನ ಇಬ್ರು ಹಂಚ್ಕೊಂಡ್ರೂ ಅದೂ ಶೇರ್ಡ್ ಡೇಟಾನೇ. ಜಾವಾದ ಸಿಂಪಲ್ ಡೇಟ್ ಫಾರ್ಮ್ಯಾಟ್ (ದಿನಾಂಕ ಓದಿ ಬರೆಯೋ ಕ್ಲಾಸ್) ಕೂಡ ಇದೇ ಜಾತಿ, ಸ್ಟ್ಯಾಟಿಕ್ ಮಾಡಿ ಎರಡು ಥ್ರೆಡ್ ಹಂಚ್ಕೊಂಡ್ರೆ ತಪ್ಪು ದಿನಾಂಕ ಕೊಡಬಹುದು. ಜಾವಾ 8ರಲ್ಲಿ ಬಂದ ಡೇಟ್ ಟೈಮ್ ಫಾರ್ಮ್ಯಾಟರ್‌ಗೆ ಆ ತೊಂದ್ರೆ ಇಲ್ಲ, ಅದು ಬದಲಾಗೋದೇ ಇಲ್ಲ.

ರಿಪೇರಿ: ಲಾಕ್ ಹಾಕ್ಲಿಲ್ಲ. ಪ್ರತಿ ಫೈಲಿಗೂ ಮೆಥಡ್ ಒಳಗೇ ಹೊಸ ಡೈಜೆಸ್ಟ್. ಹಂಚ್ಕೊಳ್ಳದೇ ಇದ್ರೆ ಕಾಯೋ ಪ್ರಶ್ನೆಯೇ ಇಲ್ಲ. ಸಮಯದಲ್ಲಿ ವ್ಯತ್ಯಾಸ ಅಳೆಯೋಕೂ ಸಿಗ್ಲಿಲ್ಲ, ಅಂದ್ರೆ ಆ ‘ಸುಧಾರಣೆ’ಯಿಂದ ಉಳಿದಿದ್ದು ಏನೂ ಇರ್ಲಿಲ್ಲ.

ಅಳಿಸೋ ಕೋಡನ್ನೂ ಅವತ್ತೇ ಬದಲಾಯಿಸಿದೆ. ಈಗ ಹ್ಯಾಶ್ ಒಂದೇ ಇದ್ರೂ ಸೈಜ್ ನೋಡತ್ತೆ, ಬೈಟಿಗೆ ಬೈಟು ಹೋಲಿಸತ್ತೆ, ಆಮೇಲೂ ಅಳಿಸಲ್ಲ, ಬೇರೆ ಫೋಲ್ಡರಿಗೆ ಸರಿಸತ್ತೆ.

ದಿನ 10: ಸರಿಯಾದ ಪರೀಕ್ಷೆ

ಇಷ್ಟು ದಿನ ನಾನು ನೋಡ್ತಿದ್ದಿದ್ದು ಬರೀ ಮೊತ್ತ. ಮೊತ್ತ ಸರಿ ಇದ್ದೂ ಒಳಗೆ ತಪ್ಪಿರಬಹುದು ಅಂತ 9ನೇ ದಿನ ಗೊತ್ತಾಯ್ತಲ್ಲ. ಹಾಗಾಗಿ:

ಒಂದೇ ಥ್ರೆಡ್ಡಲ್ಲಿ ಓಡಿಸಿ ಹ್ಯಾಶ್ ಮತ್ತೆ ಪಾತ್ ಒಂದೊಂದು ಸಾಲಾಗಿ ಬರೆದು ಸಾರ್ಟ್ ಮಾಡಿ ಫೈಲಲ್ಲಿಟ್ಟೆ. ಎಂಟು ಥ್ರೆಡ್ಡಿನದ್ದೂ ಹಾಗೇ ಬರೆಸಿ ಡಿಫ್ ಹೊಡೆಯೋದು, ಒಂದು ಸಾಲು ಬೇರೆ ಇದ್ರೂ ಫೇಲ್.

ನಿಜವಾದ ಡಿಸ್ಕಲ್ಲಿ ಪ್ರತಿ ಸಲ ಆರು ನಿಮಿಷ ಕಾಯೋದು ಕಷ್ಟ, ಅದಕ್ಕೆ 1 ಕೆಬಿಯ 5,000 ಫೈಲ್ ಸೃಷ್ಟಿ ಮಾಡ್ದೆ, ಅರ್ಧಕ್ಕರ್ಧ ಕಾಪಿಗಳು. 32 ಥ್ರೆಡ್, ಎಲ್ಲಾ ಒಂದೇ ಕ್ಷಣಕ್ಕೆ ಹೊರಡಲಿ ಅಂತ ಕೌಂಟ್‌ಡೌನ್ ಲ್ಯಾಚ್. ಇದನ್ನ 200 ಸಲ ಸುತ್ತು ಹಾಕಿಸ್ದೆ.

ಪರೀಕ್ಷೆ ಕೆಲಸ ಮಾಡ್ತಿದ್ಯಾ ಅಂತ ಪರೀಕ್ಷೆ ಮಾಡೋದೂ ಮುಖ್ಯ. 5ನೇ ದಿನದ ಹಳೇ ಕೋಡ್ ಹಾಕಿ ಓಡಿಸ್ದೆ, ಎರಡನೇ ಸುತ್ತಿಗೇ ಸಿಕ್ಕಿಬಿತ್ತು. ಸ್ಟ್ಯಾಟಿಕ್ ಡೈಜೆಸ್ಟ್ ಇರೋದು ಮೊದಲ್ನೇ ಸುತ್ತಿಗೇ. ಹಾಗೂ ಸಿಗದ ತಪ್ಪು ಹುಡುಕ್ಬೇಕು ಅಂದ್ರೆ ಗೆಟ್ ಮತ್ತೆ ಪುಟ್ ಮಧ್ಯೆ ಒಂದು ಮಿಲಿಸೆಕೆಂಡ್ ಸ್ಲೀಪ್ ತುರುಕಿದ್ರೆ ಸಂದಿ ಅಗಲ ಆಗಿ ಬೇಗ ಬೀಳತ್ತೆ, ಆಮೇಲೆ ಅದನ್ನ ಮರೀದೇ ತೆಗೀಬೇಕು. ಗೋ ಭಾಷೆಯವ್ರಿಗೆ ಇಷ್ಟು ಕಷ್ಟ ಇಲ್ಲ, ರೇಸ್ ಅನ್ನೋ ಫ್ಲ್ಯಾಗ್ ಕೊಟ್ಟು ಓಡಿಸಿದ್ರೆ ಓಡೋವಾಗ ಸಿಕ್ಕಿದ ಇಂಥ ತಪ್ಪನ್ನ ಅದೇ ತೋರ್ಸತ್ತೆ, ಸಿ++ನವ್ರಿಗೆ ಥ್ರೆಡ್ ಸ್ಯಾನಿಟೈಸರ್ ಇದೆ.

ಈಗಿನ ಕೋಡ್ 200ಕ್ಕೆ 200 ಪಾಸ್.

ದಿನ 11: ಕಾನ್ಕರೆಂಟ್ ಹ್ಯಾಶ್‌ಮ್ಯಾಪ್ ಹಾಕಿ ನೋಡಿದ್ದು, ವಾಪಸ್ ತೆಗೆದಿದ್ದು

ಇದನ್ನ ಓದೋ ಎಷ್ಟೋ ಜನ ಮೊದಲ್ನೇ ದಿನಾನೇ ಕಾನ್ಕರೆಂಟ್ ಹ್ಯಾಶ್‌ಮ್ಯಾಪ್ (ಹಲವು ಥ್ರೆಡ್ ಒಟ್ಟಿಗೆ ಬಳಸೋಕೆ ಅಂತಲೇ ಇರೋ ಜಾವಾದ ಮ್ಯಾಪ್) ಹಾಕ್ಬೇಕಿತ್ತು ಅಂತಾರೆ, ಅದಕ್ಕೇ ಹಾಕಿ ನೋಡ್ದೆ. ಕಂಪ್ಯೂಟ್ ಇಫ್ ಆಬ್ಸೆಂಟ್ (ಇಲ್ದಿದ್ರೆ ಮಾಡಿ ಕೊಡು) ಅಂತ ಬರೆದ್ರೆ ಲಿಸ್ಟ್ ಒಂದೇ ಸಲ ಹುಟ್ಟತ್ತೆ, ಅದು ಸರಿ. ಆದ್ರೆ ಅದು ವಾಪಸ್ ಕೊಟ್ಟ ಲಿಸ್ಟಿಗೆ ಹೊರಗೆ ಆಡ್ ಮಾಡಿದ್ರೆ ಮತ್ತೆ ಲಾಕ್ ಇಲ್ಲದ ಅರೇಲಿಸ್ಟು, 200ರಲ್ಲಿ 31 ಸುತ್ತು ಫೇಲ್. ಸೇರ್ಸೋದನ್ನ ಕಂಪ್ಯೂಟ್ ಒಳಗೇ ಮಾಡಿದ್ರೆ ಆ ಕೀ ಮಟ್ಟಿಗೆ ಭದ್ರ, 200 ಪಾಸ್. ಆದ್ರೆ ಆ ಲಿಸ್ಟನ್ನ ಪ್ರಗತಿ ಥ್ರೆಡ್ ಓದೋಕೆ ಹೋದ್ರೆ ಮತ್ತೆ ಅದೇ ಕಥೆ, ಎಣಿಕೆ ಮತ್ತೆ ಮ್ಯಾಪ್ ಒಟ್ಟಿಗೆ ಬದಲಾಗೋದೂ ಹೋಯ್ತು.

ಸಮಯ: ಒಂದೇ ಲಾಕ್ 5 ನಿಮಿಷ 50, ಕಾನ್ಕರೆಂಟ್ ಹ್ಯಾಶ್‌ಮ್ಯಾಪ್ 5 ನಿಮಿಷ 46. ಲಾಕ್ ಹಿಡಿಯೋದು ಒಂದು ಲಿಸ್ಟಿಗೆ ಒಂದು ಪಾತ್ ಸೇರ್ಸೋವಷ್ಟು ಹೊತ್ತು, ಉಳಿದ ಸಮಯ ಎಲ್ಲಾ ಡಿಸ್ಕು ಮತ್ತೆ ಹ್ಯಾಶಿಂದು. ನಾಲ್ಕು ಸೆಕೆಂಡಿಗೋಸ್ಕರ ಅದನ್ನ ಇಟ್ಕೊಳ್ಳಲಿಲ್ಲ, ಓದಿದ್ರೆ ಪೂರ್ತಿ ಅರ್ಥ ಆಗೋ ಒಂದೇ ಲಾಕಿನ ಕ್ಲಾಸನ್ನೇ ವಾಪಸ್ ಹಾಕ್ದೆ. ಲಕ್ಷಗಟ್ಟಲೆ ಚಿಕ್ಕ ಚಿಕ್ಕ ಅಪ್ಡೇಟ್ ಇರೋ ಕಡೆ ಲೆಕ್ಕ ಬೇರೆ ಆಗಬಹುದು, ಅಲ್ಲಿ ಅಳೆದು ನೋಡ್ಬೇಕು.

ನಿನ್ನೆ ರಾತ್ರಿ ಪೂರ್ತಿ ಡಿಸ್ಕಿನ ಮೇಲೆ ಮೂರು ಸಲ ಓಡಿಸ್ದೆ, ಮೂರು ಸಲಾನೂ ಡಿಫ್ ಖಾಲಿ. 9,204 ಫೈಲು ಸರಿಸೋ ಫೋಲ್ಡರಿಗೆ ಹೋಗಿವೆ. ಅಜ್ಜಿಯ ಸ್ಕ್ಯಾನ್ ಅದರ ಜಾಗದಲ್ಲೇ ಇದೆ, ಅದನ್ನ ಬೇರೆ ಡಿಸ್ಕಿಗೂ ಕಾಪಿ ಮಾಡಿಟ್ಟೆ. ಇನ್ನು ಬಾಕಿ ಇರೋದು ಮಧ್ಯದಲ್ಲಿ ನಿಲ್ಲಿಸೋ ಬಟನ್ನು. ಈಗ ಕಂಟ್ರೋಲ್-ಸಿ ಒತ್ತಿದ್ರೆ ಅರ್ಧ ಓದಿದ ಇಂಡೆಕ್ಸ್ ಹಾಗೇ ಹೋಗತ್ತೆ, ಅದನ್ನ ಮುಂದಿನ ವಾರ ನೋಡ್ತೀನಿ.